ಎರಡನೇ ಕಲ್ಲು

ಅರಳಿಕೊಪ್ಪಲು, ದುದ್ದ ಹೋಬಳಿ
2 ಫೆಬ್ರವರಿ 2025

ಮಗಳು ಸಂಘಮಿತ್ರಾಳಿಗೆ ಅಪ್ಪ ಬರೆಯುವುದು.

ಈವತ್ತು ಬೆಳಿಗ್ಗೆ ಊರಿನ ಆರೂ ಬೀದಿಗೆ ನೀರು ಬಂತು. ಬಿಟ್ಟವನು ಮಾತ್ರ ನಾನಲ್ಲ. ಮೂವತ್ತೆರಡು ವರ್ಷದಲ್ಲಿ ಹೀಗೆ ಬರೆಯುತ್ತಿರುವುದು ಇದೇ ಮೊದಲು.

ಮೊನ್ನೆ ಮೂವತ್ತೊಂದನೇ ತಾರೀಕು ನೀರುಗಂಟಿ ಕೆಲಸದಿಂದ ನನಗೆ ನಿವೃತ್ತಿಯಾಯಿತು. ಪಂಚಾಯ್ತಿ ಕಟ್ಟೆಯ ಮೇಲೆ ಕೂರಿಸಿ ಶಾಲು ಹೊದಿಸಿದರು, ಪೇಟ ಇಟ್ಟರು. ಅಧ್ಯಕ್ಷೆ ಕಾಮಾಕ್ಷಮ್ಮ ಮೈಕಿನಲ್ಲಿ ಏನೋ ಹೇಳಿದರು. ಮೋಟ್ರು ಮನೆಯ ಸದ್ದು ತಿಂದು ಬಿಟ್ಟ ಕಿವಿ ನನ್ನದು, ಕೇಳಿಸಲಿಲ್ಲ. ‘ಒಂದ್ ದಿನಾನೂ ಊರ್ನ ಒಣಗ್ಸಿಲ್ಲ ಅಂದ್ರು ಕಣ’ ಅಂತ ನಿಮ್ಮವ್ವ ಆಮೇಲೆ ಕಿವಿಗೆ ಬಾಯಿಟ್ಟು ಹೇಳಿದಳು. ಪೇಟ ದೊಡ್ಡದಾಗಿ ಹುಬ್ಬಿನ ತನಕ ಇಳಿದಿತ್ತು. ಫೋಟೋ ಬಂದರೆ ನಗಬೇಡ.

ಕೆಲಸ ವಹಿಸಿಕೊಂಡವನು ರಂಗಣ್ಣ ಕೃಷ್ಣಮ್ಮ ದಂಪತಿಯ ಮಗ ರವೀಶ. ಚನ್ನರಾಯಪಟ್ಟಣದಲ್ಲಿ ಐಟಿಐ ಓದಿ ಬಂದಿದ್ದಾನೆ. ಬೀಗದಕೈ ಹನ್ನೊಂದು, ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಎರಡು, ಟಾರ್ಚು ಒಂದು ಎಂದು ಪುಸ್ತಕದಲ್ಲಿ ಬರೆದು ಇಬ್ಬರೂ ರುಜು ಹಾಕಿದೆವು. ‘ನಾಳೆ ಬೆಳಿಗ್ಗೆ ಬಾಪ್ಪ, ಬಾವಿಯಿಂದ ಕೊನೇ ನಲ್ಲಿಗಂಟ ಲೈನು ನಡೆದು ತೋರಿಸ್ತೀನಿ’ ಎಂದೆ. ಅವನು ನನ್ನ ಕಿವಿಯ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, ‘ತೋರ್ಸಕ್ಕೇನದೆ ಶಾಂತರಾಜು, ವಾಲ್ವ್ ತಿರುಗ್ಸಾದು ತಾನೆ. ಮೋಟ್ರುನ ನಾನು ಮೊಬೈಲಲ್ಲೇ ಆನ್ ಮಾಡ್ತೀನಿ’ ಅಂದ. ಜನ ನಕ್ಕರು. ಆ ನಗು ನನಗೆ ಕೇಳಿಸಲಿಲ್ಲ, ಕಾಣಿಸಿತು.

ಅರವತ್ತು ವರ್ಷದವನನ್ನು ಬರಿ ಹೆಸರು ಹಿಡಿದು ಕರೆಯುವುದು ಅವನಿಗೆ ಅವನ ತಾತನಿಂದ ಬಂದದ್ದು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕೇರಿಯವನು ಬಿಟ್ಟ ನಲ್ಲಿ ನೀರು ಬೇಡ ಎಂದು ಆ ತಾತ ಎರಡು ತಿಂಗಳು ತೋಟದ ಬಾವಿಯಿಂದ ನೀರು ಹೊರಿಸಿದ್ದ. ಮೂರನೇ ತಿಂಗಳು ಬಾವಿಯ ತಳ ಕಂಡಿತು. ಆ ದಿನಗಳಲ್ಲೂ ನಾನು ಅವರ ಬೀದಿಗೆ ಒಂದು ನಿಮಿಷ ಕಡಿಮೆ ಬಿಟ್ಟವನಲ್ಲ. ನನಗೆ ಹೆಮ್ಮೆ ಇರುವುದು ಅದರ ಮೇಲೆ, ಪೇಟದ ಮೇಲಲ್ಲ.

ಆದ್ದರಿಂದ ರವೀಶನಿಗೆ ಏನನ್ನೂ ತೋರಿಸಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ತಿರುಗಿಸಿಕೊಳ್ಳಲಿ.

ರಾಮಣ್ಣನ ಹೋಟೆಲ್‌ನಲ್ಲಿ ದಿನಾ ಕೇಳುತ್ತಾರೆ, ಮಗಳು ಡಾಕ್ಟ್ರಾ ನರ್ಸಾ ಅಂತ. ಏನು ಹೇಳಲಿ, ಸರಿಯಾಗಿ ಬರೆ. ಫೋನಿನಲ್ಲಿ ನಿನ್ನ ಮಾತು ನನಗೆ ಗುಂಯ್ ಅನ್ನುತ್ತದೆ. ಅದೂ ಅಲ್ಲದೆ ಪೋಸ್ಟಿನವನು ಹೋಟೆಲ್ ಮುಂದೆ ನಿಂತು ನನ್ನ ಹೆಸರು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ.

ಇಂತಿ,
ನಿವೃತ್ತ ನೀರುಗಂಟಿ,
ಶಾಂತರಾಜು


ಮೈಸೂರು
16 ಫೆಬ್ರವರಿ 2025

ಅಪ್ಪನಿಗೆ,

ಇಲ್ಲಿ ನನ್ನ ಪಾಳಿಯಲ್ಲಿ ಯಾವ ಯಂತ್ರವೂ ನಿಲ್ಲಲಿಲ್ಲ. ಹಾಗಾಗಿ ನಾನು ಚೆನ್ನಾಗಿದ್ದೇನೆ.

ಫೋಟೋ ಬಂತು. ಪೇಟದ ಕೆಳಗೆ ಯಾರಿದ್ದಾರೆ ಎಂದು ಹುಡುಕುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ.

ರಾಮಣ್ಣನಿಗೆ ಹೇಳು, ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಪರ್ಫ್ಯೂಷನಿಸ್ಟ್ ಎನ್ನುತ್ತಾರೆ. ಆ ಹೆಸರಿಗೆ ಅವನ ನಾಲಿಗೆ ತಿರುಗದಿದ್ದರೆ ಅಪ್ಪನ ಕೆಲಸವೇ ಎಂದುಬಿಡು. ನಿನ್ನ ಪಂಪು ನೀರು ಎತ್ತುತ್ತಿತ್ತು, ನನ್ನದು ರಕ್ತ ಎತ್ತುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಹಳ ದಿನ ಅಲ್ಲಾಡದೆ ಮಲಗಿದವರಿಗೆ, ಹೆರಿಗೆಯಾದವರಿಗೆ, ಮೂಳೆ ಮುರಿದವರಿಗೆ ಆಗುವುದುಂಟು. ಆ ಹೆಪ್ಪು ಕಿತ್ತುಕೊಂಡು ಮೇಲೆ ಹೋಗಿ ಶ್ವಾಸಕೋಶದ ದೊಡ್ಡ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಮೇನ್ ಲೈನಿನಲ್ಲಿ ಗೋಣಿಚೀಲ ಸಿಕ್ಕಿಕೊಂಡು ನೀನು ಎರಡು ದಿನ ಒದ್ದಾಡಿದ್ದು ನೆನಪಿದೆಯಾ? ಹಾಗೇ. ಹೃದಯ ತಳ್ಳಿ ತಳ್ಳಿ ಸೋಲುತ್ತದೆ. ಆಗ ತೊಡೆಯಲ್ಲಿ ಎರಡು ಕೊಳವೆ ಹಾಕುತ್ತೇವೆ. ಒಂದರಿಂದ ಕಪ್ಪು ರಕ್ತ ಹೊರಗೆ ಬಂದು, ಪಂಪಿನಲ್ಲಿ ಸಾಗಿ, ಶ್ವಾಸಕೋಶದ ಕೆಲಸ ಮಾಡುವ ಡಬ್ಬಿಯೊಳಗೆ ಆಮ್ಲಜನಕ ಹಿಡಿದು, ಇನ್ನೊಂದರಿಂದ ಕೆಂಪಾಗಿ ಒಳಗೆ ಹೋಗುತ್ತದೆ. ಎಕ್ಮೋ ಎಂದು ಅದರ ಹೆಸರು. ಯಂತ್ರ ಹೆಪ್ಪನ್ನು ಕರಗಿಸುವುದಿಲ್ಲ. ಡಾಕ್ಟರು ಅದನ್ನು ತೆಗೆಯುವ ತನಕ, ಮೈ ತಾನೇ ಚೇತರಿಸಿಕೊಳ್ಳುವ ತನಕ ಜೀವ ಹಿಡಿದುಕೊಂಡಿರುತ್ತದೆ. ಅದನ್ನು ಕಾಯುವವಳು ನಾನು. ಈ ತಿಂಗಳಿಂದ ಬೇರೆ ಊರಿಗೆ ಯಂತ್ರ ಹೊತ್ತುಕೊಂಡು ಹೋಗುವ ತಂಡಕ್ಕೂ ಸೇರಿಸಿದ್ದಾರೆ.

ಅಪ್ಪ, ರವೀಶನ ಮಾತಿಗೆ ನನಗೂ ಸಿಟ್ಟು ಬಂತು. ಆದರೆ ಎರಡನೇ ಕಲ್ಲಿನ ವಿಷಯ ಅವನಿಗೆ ಹೇಳಿದ್ದೀಯ ತಾನೆ? ದೊಡ್ಡ ವಾಲ್ವಿನ ಗುಂಡಿಯ ಕಲ್ಲು ಮೆಟ್ಟಿಲ ಮೇಲೆ ನನ್ನನ್ನು ಇಳಿಸುವಾಗ ‘ಎರಡ್ನೇ ಕಲ್ಲು ಬಿಟ್ಟು ಇಳಿ ಮಗಾ’ ಎಂದು ಪ್ರತಿಸಲ ಹೇಳುತ್ತಿದ್ದೆ. ಗಟ್ಟಿ ಮಾಡಿಸು ಎಂದರೆ ನಗುತ್ತಿದ್ದೆ. ಕದ್ದು ಇಳಿದು ಗದ್ದೆಗೆ ನೀರು ತಿರುಗಿಸುವವರಿಗೆ ಅದೇ ಬೀಗ ಎನ್ನುತ್ತಿದ್ದೆ. ಅದು ಅಳ್ಳಾಡುತ್ತದೆಂದು ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಅವ್ವನಿಗೆ ಮಂಡಿ ನೋವಿನ ಎಣ್ಣೆ ಕಳಿಸಿದ್ದೇನೆ.

ನಿನ್ನ ಮಗಳು,
ಸಂಘಮಿತ್ರಾ


ಅರಳಿಕೊಪ್ಪಲು
9 ಮಾರ್ಚ್ 2025

ಮಗಳಿಗೆ,

ನೀರು ಬರುತ್ತಿದೆ. ಬಿಡುತ್ತಿರುವವನು ಮತ್ತೆ ನಾನೇ.

ಮಂಗಳವಾರ ಬೆಳಿಗ್ಗೆ ರವೀಶ ದೊಡ್ಡ ವಾಲ್ವಿನ ಗುಂಡಿಗೆ ಬಿದ್ದ. ಎಡಗಾಲಿನ ಮೂಳೆ ಮುರಿದಿದೆ. ಹಾಸನದಲ್ಲಿ ತೊಡೆಯ ತನಕ ಪ್ಲಾಸ್ಟರ್ ಪಟ್ಟು ಹಾಕಿದ್ದಾರೆ. ಹೆಂಡತಿ ನೇತ್ರಾವತಿ ಅವನನ್ನು ಅರಕಲಗೂಡಿನ ತವರು ಮನೆಗೆ ಕರೆದುಕೊಂಡು ಹೋಗಿದ್ದಾಳೆ. ಅಲ್ಲಿ ನೋಡಿಕೊಳ್ಳುವವರು ಹೆಚ್ಚು.

ಅವನನ್ನು ಗುಂಡಿಯಿಂದ ಎತ್ತಿದವನು ನಾನು. ಕಾಮಾಕ್ಷಮ್ಮ ಮನೆಗೇ ಬಂದು, ಅವನು ಎದ್ದು ಓಡಾಡುವ ತನಕ ಲೈನು ನೋಡಿಕೊಳ್ಳಿ ಎಂದರು. ಊರವರು ನನ್ನನ್ನು ಬಹಳ ಹೊಗಳುತ್ತಿದ್ದಾರೆ.

ಎಣ್ಣೆ ಬಂತು. ನಿಮ್ಮವ್ವ ಹಚ್ಚಿಕೊಳ್ಳುತ್ತಿದ್ದಾಳೆ.

ಶಾಂತರಾಜು


ಮೈಸೂರು
15 ಮಾರ್ಚ್ 2025

ಅಪ್ಪ,

ಯಾವ ಕಲ್ಲು?

ಸಂಘಮಿತ್ರಾ


ಮೈಸೂರು
20 ಏಪ್ರಿಲ್ 2025

ಅಪ್ಪನಿಗೆ,

ಈ ಕಾಗದವನ್ನು ರಾಮಣ್ಣನ ಹೋಟೆಲ್‌ನಲ್ಲಿ ಓದಬೇಡ. ರೋಗಿಯ ವಿಷಯ ನಾವು ಹೊರಗೆ ಹೇಳಬಾರದು. ನಿನಗೆ ಬರೆಯಬಹುದೇ ಎಂದು ನೇತ್ರಾವತಿಯನ್ನು ಕೇಳಿದೆ. ‘ಅಣ್ಣಂಗೆ ಬರಿ ಕಣಕ್ಕ, ಅವ್ರೇ ತಾನೇ ಗುಂಡಿಯಿಂದ ಎತ್ತಿದ್ದು’ ಎಂದಳು.

ಗುರುವಾರ ಬೆಳಿಗ್ಗೆ ಹಾಸನದ ಆಸ್ಪತ್ರೆಯಿಂದ ನಮಗೆ ಕರೆ ಬಂತು. ಎರಡೂ ಶ್ವಾಸಕೋಶದ ದಾರಿ ಹೆಪ್ಪಿನಿಂದ ಮುಚ್ಚಿದೆ, ಕರಗಿಸುವ ಔಷಧಿ ಕೊಟ್ಟಿದ್ದೇವೆ, ರಕ್ತದೊತ್ತಡ ಏರುತ್ತಿಲ್ಲ, ಮೈಸೂರಿನ ತನಕ ಹಾಗೇ ಬಂದರೆ ಉಳಿಯುವುದಿಲ್ಲ ಎಂದರು. ಡಾಕ್ಟರ್ ಶಶಿಕಿರಣ್, ನನ್ನದೇ ಕೆಲಸ ಮಾಡುವ ಅಭಿಷೇಕ್ ಮತ್ತು ನಾನು ಯಂತ್ರ ಹಾಕಿಕೊಂಡು ಹೊಳೆನರಸೀಪುರದ ಮೇಲೆ ಹೊರಟೆವು. ಹಾಸನದಲ್ಲಿ ಫೈಲು ತೆರೆದಾಗ ಹೆಸರು ಕಂಡಿತು. ರವೀಶ್, ತಂದೆ ರಂಗಣ್ಣ, ಅರಳಿಕೊಪ್ಪಲು.

ಆರು ವಾರ ಪಟ್ಟು ಹಾಕಿದ ಕಾಲು. ಬುಧವಾರ ಅದನ್ನು ಬಿಚ್ಚಿಸಿಕೊಂಡು ಬಂದಿದ್ದನಂತೆ. ಮಾರನೇ ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದವನು ‘ಉಸ್ರು ಬತ್ತಿಲ್ಲ ಕಣೆ’ ಎಂದು ಗೋಡೆ ಹಿಡಿದು ಕುಸಿದನಂತೆ. ಐಸಿಯು ಬಾಗಿಲಲ್ಲಿ ನೇತ್ರಾವತಿ ನನ್ನ ಗುರುತು ಹಿಡಿದಳು. ರಂಗಣ್ಣ ಬೆಂಚಿನ ಮೇಲೆ ಕೂತಿದ್ದರು. ‘ಡಾಕ್ಟ್ರು ಯಾರವ್ವ?’ ಎಂದರು. ಡಾಕ್ಟರು ಒಳಗಿದ್ದಾರೆ, ಮಿಷನ್ನು ನೋಡಿಕೊಳ್ಳುವವಳು ನಾನು ಎಂದೆ. ಅವರು ನನ್ನ ಮುಖ ನೋಡಿದರು, ಯಂತ್ರ ನೋಡಿದರು. ಆಮೇಲೆ ಬೆಂಚಿನಿಂದ ಎದ್ದು ನಿಂತರು. ನನಗೋ ಯಂತ್ರಕ್ಕೋ ತಿಳಿಯಲಿಲ್ಲ. ಕೇಳುವುದಕ್ಕೆ ಹೊತ್ತೂ ಇರಲಿಲ್ಲ.

ಬಲತೊಡೆಯಲ್ಲಿ ಕೊಳವೆ ಹಾಕಿದರು. ನೇರಳೆ ಹಣ್ಣಿನ ಬಣ್ಣದ ರಕ್ತ ಬಂತು, ಕೆಂಪಾಗಿ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಅವನ ತುಟಿಯ ನೀಲಿ ಇಳಿಯಿತು. ಆ ಹೊತ್ತಿನಲ್ಲಿ ಪ್ರತಿಸಲವೂ ನನಗೆ ಎದೆ ಉಬ್ಬುತ್ತದೆ, ಅಪ್ಪ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮಧ್ಯಾಹ್ನ ಅಂಬ್ಯುಲೆನ್ಸಿನಲ್ಲಿ ಮೈಸೂರಿಗೆ ಹೊರಟೆವು. ಹೊಳೆನರಸೀಪುರದಲ್ಲಿ ಹೇಮಾವತಿ ಸೇತುವೆ ಹತ್ತುವಾಗ ರಕ್ತ ಎಳೆಯುವ ಕೊಳವೆ ನಡುಗತೊಡಗಿತು. ನಿಮಿಷಕ್ಕೆ ನಾಲ್ಕು ಲೀಟರ್ ಇದ್ದದ್ದು ಮೂರಕ್ಕೆ ಬಂತು, ಎರಡೂವರೆಗೆ ಬಂತು. ಹರಿವು ಇಳಿಯಿತಲ್ಲ ಎಂದು ಅಭಿಷೇಕನ ಕೈ ವೇಗ ಏರಿಸುವ ಗುಂಡಿಗೆ ಹೋಯಿತು. ನಾನು ಕೊಳವೆಯ ಮೇಲೆ ಅಂಗೈ ಇಟ್ಟೆ.

ಎರಡನೇ ವರ್ಷದ ಪುಸ್ತಕದಲ್ಲಿ ಇದು ಇದೆ. ಪರೀಕ್ಷೆಯಲ್ಲಿ ಬರೆದು ಅಂಕವೂ ತೆಗೆದುಕೊಂಡಿದ್ದೇನೆ. ಆದರೆ ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಕೆರೆ ಪಕ್ಕದ ಬಾವಿಯ ಮೋಟ್ರು ಮನೆ. ನನ್ನ ಅಂಗೈಯನ್ನು ಎಳೆಯುವ ಪೈಪಿನ ಮೇಲೆ ಒತ್ತಿ ಹಿಡಿದು ನೀನು ಹೇಳಿದ್ದು: ‘ನಡುಗ್ತಾ ಅದಾ? ಬಾವೀಲಿ ನೀರು ಸಾಲ್ತಿಲ್ಲ ಅಂತ ಅರ್ಥ. ಈಗ ಬಲವಂತ ಮಾಡುದ್ರೆ ಮೋಟ್ರೂ ಓಯ್ತದೆ, ನೀರೂ ಬರಕಿಲ್ಲ. ವಾಲ್ವ್ ಎರಡು ಸುತ್ತು ಬಿಗಿ ಮಾಡು. ಕಮ್ಮಿ ಎಳಿ.’

‘ಅಭಿ, ಏರಿಸಬೇಡ’ ಎಂದು ನಾನು ವೇಗ ಇಳಿಸಿದೆ. ‘ಸರ್, ಒಳಗೆ ರಕ್ತ ಸಾಲ್ತಿಲ್ಲ, ಎಲ್ಲೋ ಸೋರ್ತಿದೆ’ ಎಂದೆ. ಡಾಕ್ಟರು ಹೊದಿಕೆ ಎತ್ತಿದರೆ ತೊಡೆಯ ಕೆಳಗಿನ ಬಟ್ಟೆ ಪೂರ್ತಿ ನೆಂದಿತ್ತು. ಹೆಪ್ಪು ಕರಗಿಸುವ ಔಷಧಿಯಿಂದ ಕೊಳವೆಯ ಬಾಯಲ್ಲಿ ರಕ್ತ ಜಿನುಗುತ್ತಿತ್ತು. ಅಲ್ಲಿ ಒತ್ತಿ ಹಿಡಿದು, ಹಾಸನದಿಂದ ತಂದಿದ್ದ ರಕ್ತ ಏರಿಸಿದರು. ನಡುಕ ನಿಂತಿತು. ಆಮೇಲೆ ನಿಧಾನವಾಗಿ ವೇಗ ಏರಿಸಿದೆ. ಮೂರು ಲೀಟರ್, ಮೂರೂವರೆ, ನಾಲ್ಕು. ಸೇತುವೆ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಶಶಿಕಿರಣ್ ಸರ್ ಕೈ ಒರೆಸಿಕೊಳ್ಳುತ್ತ, ಕೈಯಿಟ್ಟು ನೋಡುವುದನ್ನು ಯಾರು ಕಲಿಸಿದರು ಎಂದು ಕೇಳಿದರು. ನಮ್ಮಪ್ಪ ಎಂದೆ. ನಿಮ್ಮಪ್ಪ ಯಾವ ಆಸ್ಪತ್ರೆಯಲ್ಲಿದ್ದಾರೆ ಎಂದರು.

ಶುಕ್ರವಾರ ಒಂದಿಷ್ಟು ಹೆಪ್ಪನ್ನು ನಾಳದ ಮೂಲಕವೇ ಎಳೆದು ತೆಗೆದಿದ್ದಾರೆ. ಈವತ್ತಿಗೆ ನಾಲ್ಕನೇ ದಿನ, ಇನ್ನೂ ಯಂತ್ರದ ಮೇಲಿದ್ದಾನೆ. ಬದುಕುತ್ತಾನೆ ಎಂದು ಹೇಳಲಾರೆ. ಹೃದಯದ ಬಲಭಾಗ ಬಹಳ ದಣಿದಿದೆ.

ಇನ್ನೊಂದು ವಿಷಯ ಬರೆಯಬೇಕು. ನಮ್ಮಲ್ಲಿ ಪಾಳಿ ಬದಲಾಗುವಾಗ ಬರಿ ಪುಸ್ತಕಕ್ಕೆ ರುಜು ಹಾಕಿ ಹೋಗುವ ಹಾಗಿಲ್ಲ. ಒಪ್ಪಿಸುವವರು, ಒಪ್ಪಿಸಿಕೊಳ್ಳುವವರು ಇಬ್ಬರೂ ಕೊಳವೆಯ ಮೇಲೆ ಕೈಯಿಟ್ಟು ರೋಗಿಯ ತೊಡೆಯಿಂದ ಯಂತ್ರಕ್ಕೆ, ಯಂತ್ರದಿಂದ ಮತ್ತೆ ತೊಡೆಗೆ ಬರಬೇಕು. ಪ್ರತಿಯೊಂದು ಜೋಡಣೆಯನ್ನೂ ಬಾಯಿಬಿಟ್ಟು ಹೇಳಬೇಕು. ಇಲ್ಲಿ ಸಣ್ಣ ಹೆಪ್ಪಿದೆ, ಇಲ್ಲಿ ಬಿರಡೆ ಸ್ವಲ್ಪ ಸಡಿಲ, ಹೀಗೆ. ಅಭಿಷೇಕನಿಗೂ ನನಗೂ ಜಗಳವಾಗಿ ಎರಡು ವಾರ ಮಾತು ಬಿಟ್ಟಿದ್ದಾಗಲೂ ಇದನ್ನು ಮಾತ್ರ ಆಡಿದ್ದೇವೆ. ಕೊನೆಯಲ್ಲಿ ಒಪ್ಪಿಸಿಕೊಳ್ಳುವವರು ‘ಹೇಳುವುದು ಇನ್ನೇನಾದರೂ ಉಳಿದಿದೆಯಾ?’ ಎಂದು ಕೇಳಬೇಕು. ಇಲ್ಲ ಎಂದ ಮೇಲೇ ಇಬ್ಬರೂ ರುಜು ಹಾಕುವುದು.

ಪಾಳಿಗೆ ಹೊತ್ತಾಯಿತು.

ನಿನ್ನ
ಸಂಘಮಿತ್ರಾ


ಅರಳಿಕೊಪ್ಪಲು
23 ಏಪ್ರಿಲ್ 2025

ಮಗಳಿಗೆ,

ಕಾಗದ ಈವತ್ತು ಬಂತು. ಏನು ಬರೆದವಳೆ ಓದು ಎಂದು ರಾಮಣ್ಣ ಕೈ ಚಾಚಿದ. ಕೊಡದೆ ಮೋಟ್ರು ಮನೆಗೆ ಬಂದು ಓದಿದೆ. ಸೇತುವೆಯ ಭಾಗವನ್ನು ಮೂರು ಸಲ ಓದಿದೆ. ನಿನ್ನೆ ಯಂತ್ರ ನಿಧಾನ ಮಾಡಿ ನೋಡಿದರೆ ಅವನ ಹೃದಯ ತಡೆಯಲಿಲ್ಲ, ಮತ್ತೆ ಏರಿಸಿದಿರಿ ಎಂದು ನಿಮ್ಮವ್ವನಿಗೆ ಫೋನಿನಲ್ಲಿ ಹೇಳಿದೆಯಂತೆ. ಅವಳು ಅದನ್ನು ನನ್ನ ಕಿವಿಗೆ ಹೇಳುವಾಗ ಅಳುತ್ತಿದ್ದಳು.

ಮಾರ್ಚಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಇದು. ಎರಡನೇ ಕಲ್ಲು.

ನನಗೆ ಮರೆತಿರಲಿಲ್ಲ. ಬೀಗದಕೈ ಕೊಡುವಾಗಲೇ ನಾಲಿಗೆಯ ತುದಿಯಲ್ಲಿತ್ತು. ಅವನು ಆ ಮಾತಾಡಿದ, ಜನ ನಕ್ಕರು, ನಾನು ಬಾಯಿ ಮುಚ್ಚಿಕೊಂಡೆ. ನೀನು ಬರೆದು ಕೇಳಿದ ಮೇಲಾದರೂ ಹೇಳಬಹುದಿತ್ತು. ದಿನಾ ನನ್ನ ಮನೆ ಮುಂದೆಯೇ ಗಾಡಿಯಲ್ಲಿ ಹೋಗುತ್ತಿದ್ದ. ಒಂದು ಸಲ ಎಡವಿದರೆ ಬುದ್ಧಿ ಬರುತ್ತದೆ ಎಂದುಕೊಂಡೆ. ಕಾಲು ಮುರಿಯಲಿ ಎಂದುಕೊಳ್ಳಲಿಲ್ಲ, ಆ ಮಾತು ಮಾತ್ರ ನಿಜ. ಆದರೆ ಎಂಟು ಅಡಿ ಗುಂಡಿಯಲ್ಲಿ ಎಡವಿದವನು ಎಲ್ಲಿಗೆ ಹೋಗುತ್ತಾನೆ ಎಂದು ಗೊತ್ತಿದ್ದವನೂ ನಾನೇ.

ಎತ್ತುವಾಗ ಅವನು ನನ್ನ ಕುತ್ತಿಗೆ ತಬ್ಬಿಕೊಂಡಿದ್ದ. ಬಾಯಿ ನನ್ನ ಕಿವಿಯ ಹತ್ತಿರವೇ ಇತ್ತು, ಆದ್ದರಿಂದ ಕೇಳಿಸಿತು. ‘ಕಲ್ಲು ಅಳ್ಳಾಡ್ತು ಕಣಣ್ಣ’ ಅಂದ. ನಾನು ‘ಔದಾ’ ಅಂದೆ. ಗೊತ್ತಿಲ್ಲದವನ ಹಾಗೆ, ಔದಾ.

ಅವತ್ತು ರಂಗಣ್ಣ ನನ್ನ ಎರಡೂ ಕೈ ಹಿಡಿದುಕೊಂಡ. ಆ ಮನೆಯವರು ನನ್ನ ಕೈ ಮುಟ್ಟಿದ್ದು ಅದೇ ಮೊದಲು. ಮಾರನೇ ದಿನ ಊರು ಊಟಕ್ಕೆ ಹೋದ ಹೊತ್ತು ನೋಡಿಕೊಂಡು ಗುಂಡಿಗಿಳಿದು ಕಲ್ಲಿಗೆ ಸಿಮೆಂಟು ಹಾಕಿದೆ. ಈಗ ಅದರ ಮೇಲೆ ಆನೆ ನಿಂತರೂ ಅಲ್ಲಾಡುವುದಿಲ್ಲ.

ಕೆಲಸ ಒಪ್ಪಿಸುವ ಮಾತನ್ನು ಬೇಕೆಂದೇ ಬರೆದೆಯಾ?

ಅವನು ಬದುಕಬೇಕು ಮಗಳೇ. ಅವನು ಹೋದರೆ ನಾನು ಇದನ್ನು ಯಾರಿಗೆ ಒಪ್ಪಿಸಲಿ?

ಶಾಂತರಾಜು


ಮೈಸೂರು
28 ಏಪ್ರಿಲ್ 2025

ಅಪ್ಪನಿಗೆ,

ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಯಂತ್ರ ನಿಲ್ಲಿಸಿದೆವು. ನಿಲ್ಲಿಸಿದ್ದು ನಾನೇ.

ಹತ್ತನೇ ದಿನ ಅದು. ನಾಲ್ಕು ಲೀಟರಿಂದ ಮೂರು, ಎರಡು, ಒಂದು ಎಂದು ಇಳಿಸುತ್ತ ಬಂದೆ. ಪ್ರತಿ ಮೆಟ್ಟಿಲಿನಲ್ಲೂ ನಿಂತು ಕಾದೆವು. ಅವನ ಹೃದಯ ತಡೆಯಿತು. ಯಂತ್ರ ನಿಂತಾಗ ಕೋಣೆಯಲ್ಲಿ ಎಷ್ಟು ನಿಶ್ಶಬ್ದವಾಗುತ್ತದೆ ಎಂದರೆ ನಿನಗೂ ಗೊತ್ತಾಗುತ್ತಿತ್ತು. ಈವತ್ತು ನೇತ್ರಾವತಿ ಅವನಿಗೆ ನಾಲ್ಕು ಚಮಚ ರಾಗಿ ಗಂಜಿ ಕುಡಿಸಿದಳು. ಉಪ್ಪು ಸಾಲದು ಎಂದು ಬೈದನಂತೆ.

ಈಗ ನಿನ್ನ ಪ್ರಶ್ನೆ. ಹೌದು, ಬೇಕೆಂದೇ ಬರೆದೆ. ಫೈಲಿನಲ್ಲಿ ಅವನ ಹೆಸರು ನೋಡಿದ ಕ್ಷಣದಿಂದ ನನಗೆ ಕಲ್ಲಿನ ಅನುಮಾನವಿತ್ತು. ಅವನ ತೊಡೆಯ ಬಳಿ ಕೂತು ಕೊಳವೆ ಕಾಯುವಾಗ ಪ್ರತಿ ನಿಮಿಷವೂ ಇತ್ತು. ನಿನ್ನ ಕಾಗದ ಓದಿ ನನಗೆ ಸಿಟ್ಟು ಬಂತು. ಗೋಡೆಯ ಮೇಲಿದ್ದ ಪೇಟದ ಫೋಟೋ ತೆಗೆದು ಮೇಜಿನೊಳಗೆ ಇಟ್ಟೆ. ಎರಡು ದಿನ ಅದು ಅಲ್ಲೇ ಇತ್ತು.

ಆಮೇಲೆ ಯೋಚಿಸಿದೆ. ಅವನ ಕಾಲು ಮುರಿದದ್ದು ನೀನು ಹೇಳದೆ ಬಿಟ್ಟ ಮಾತು. ಸೇತುವೆಯ ಮೇಲೆ ಅವನನ್ನು ಉಳಿಸಿದ್ದು ನೀನು ನನಗೆ ಹೇಳಿಕೊಟ್ಟ ಮಾತು. ಎರಡೂ ನಿನ್ನವೇ ಅಪ್ಪ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡಲು ನನಗೆ ಆಗುವುದಿಲ್ಲ.

ನೀನು ‘ಔದಾ’ ಅಂದದ್ದನ್ನೂ ಬಚ್ಚಿಡದೆ ಬರೆದೆ. ಅದನ್ನು ಬರೆಯದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ಸಾಲು ಓದಿದಾಗ ಅಳು ಬಂತು, ಹೆಮ್ಮೆಯೂ ಆಯಿತು. ಫೋಟೋ ಮತ್ತೆ ಗೋಡೆಯ ಮೇಲಿದೆ.

ಆದರೆ ನನಗೆ ಹೇಳಿದರೆ ಮುಗಿಯುವುದಿಲ್ಲ. ಆ ಲೈನನ್ನು ನಿನ್ನಿಂದ ಒಪ್ಪಿಸಿಕೊಂಡವಳು ನಾನಲ್ಲ. ರವೀಶನಿಗೆ ನಾನಾಗಿ ಹೇಳುವುದಿಲ್ಲ, ಅವ್ವನಿಗೂ ಹೇಳುವುದಿಲ್ಲ. ಅವನು ಚೇತರಿಸಿಕೊಂಡು ಊರಿಗೆ ಬರುತ್ತಾನೆ. ಕಾಯುತ್ತೇನೆ.

ಸಂಘಮಿತ್ರಾ


ಅರಳಿಕೊಪ್ಪಲು
14 ಜುಲೈ 2025

ಮಗಳು ಸಂಘಮಿತ್ರಾಳಿಗೆ,

ಈವತ್ತು ಆರೂ ಬೀದಿಗೆ ನೀರು ಬಂತು. ಬಿಟ್ಟವನು ರವೀಶ.

ಎರಡೂವರೆ ತಿಂಗಳು ಕಾಗದ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಮೇ ಕೊನೆಯಲ್ಲಿ ಅವನು ಊರಿಗೆ ಬಂದ. ಮೂರು ಸಲ ಅವರ ಮನೆಗೆ ಹೋದೆ. ಮೂರು ಸಲವೂ ಕೃಷ್ಣಮ್ಮ ಜಗುಲಿಯ ಮೇಲೆ ಕುರ್ಚಿ ಹಾಕಿ ಕಾಫಿ ಕೊಟ್ಟಳು. ಮಗನನ್ನು ಎತ್ತಿದವನು, ಮಗಳನ್ನು ಕಳಿಸಿದವನು ಎಂದು ಬಂದವರಿಗೆಲ್ಲ ಹೇಳಿದಳು. ಆ ಕಾಫಿ ಕುಡಿದು, ಹೇಳದೆ ಎದ್ದು ಬಂದೆ. ಮೂರನೇ ಸಲ ಮನೆಗೆ ಬಂದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಜಗುಲಿಯ ಮೇಲೆ ಆಗುವ ಕೆಲಸವಲ್ಲ ಇದು, ಜನ ನಕ್ಕ ಜಾಗದಲ್ಲೇ ಆಗಬೇಕು ಎಂದು ತೀರ್ಮಾನ ಮಾಡಿದೆ.

ನಿನ್ನೆ ಭಾನುವಾರ ಅವನು ಮತ್ತೆ ಕೆಲಸ ವಹಿಸಿಕೊಳ್ಳುವುದಿತ್ತು. ಕಾಮಾಕ್ಷಮ್ಮ ಪಂಚಾಯ್ತಿ ಕಟ್ಟೆಗೆ ಪುಸ್ತಕ ತಂದಿದ್ದರು. ರುಜು ಹಾಕುವ ಮುಂಚೆ ನಾನು ಎದ್ದು ನಿಂತೆ. ಮೈಕು ಬೇಡ ಎಂದೆ. ‘ರವೀಶ ಬಿದ್ದಿದ್ದು ಅವನ ತಪ್ಪಲ್ಲ. ಗುಂಡಿ ಎರಡ್ನೇ ಕಲ್ಲು ಅಳ್ಳಾಡ್ತದೆ ಅಂತ ನಂಗೆ ಗೊತ್ತಿತ್ತು. ಸಿಟ್ಗೆ ಯೋಳ್ನಿಲ್ಲ’ ಎಂದೆ. ಜೋರಾಗಿಯೇ ಹೇಳಿರಬೇಕು, ನನಗೆ ನನ್ನ ದನಿಯ ಅಳತೆ ಸಿಕ್ಕುವುದಿಲ್ಲ. ನಿಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಂಗಣ್ಣ ಟವೆಲ್ ಕೊಡವಿಕೊಂಡು ಎದ್ದು ಹೋದ. ಇನ್ನೂ ನನ್ನ ಮುಖ ನೋಡಿಲ್ಲ, ನೋಡು ಎಂದು ಕೇಳುವ ಹಕ್ಕು ನನಗಿಲ್ಲ. ಇದ್ದವರಲ್ಲಿ ಒಬ್ಬರೂ ನಗಲಿಲ್ಲ.

ರವೀಶ ಊರುಗೋಲು ಊರಿ ಎದ್ದ. ನನ್ನ ಹತ್ತಿರ ಬಂದು ಕಿವಿಗೆ ಬಾಯಿಟ್ಟ.

‘ಅವತ್ತು ನಾನ್ ಕೇಳಿದ್ರೆ ಯೋಳ್ತಿದ್ಯಾ?’

‘ಯೋಳ್ತಿದ್ದೆ.’

‘ನಾನು ಸತ್ತೋಗ್ತಿದ್ದೆ ಕಣಣ್ಣ.’

‘ಗೊತ್ತು ಕಣಪ್ಪ.’

ಅವನು ಏನಾದರೂ ಅನ್ನಲಿ, ಹೊಡೆಯಲಿ ಎಂದು ನಾನು ಕಾದೆ. ‘ಈಗ ಕೇಳ್ತಾ ಇವ್ನಿ. ನಡಿ, ತೋರ್ಸು’ ಅಂದ.

ಬಾವಿಯಿಂದ ಶುರು ಮಾಡಿದೆವು. ಬೆಳಿಗ್ಗೆ ಒಂಬತ್ತಕ್ಕೆ ಹೊರಟವರು ಸಾಲಗಾಮೆ ರಸ್ತೆಯ ಕೊನೇ ನಲ್ಲಿ ಮುಟ್ಟುವಾಗ ಮೂರು ಗಂಟೆ. ಅವನು ಕುಂಟುತ್ತ ಬಂದ, ನೇತ್ರಾವತಿ ಹಿಂದೆ ನೋಟ್‌ಬುಕ್ ಹಿಡಿದು ಬರೆದುಕೊಳ್ಳುತ್ತ ಬಂದಳು. ಯಾವ ಜಾಯಿಂಟು ಬೇಸಿಗೆಯಲ್ಲಿ ಸೋರುತ್ತದೆ, ಯಾವ ವಾಲ್ವ್ ಉಲ್ಟಾ ತಿರುಗುತ್ತದೆ, ಯಾರ ಮನೆ ಮುಂದೆ ಪೈಪು ಮೇಲಕ್ಕೇ ಇದೆ, ಎಲ್ಲ ಬಾಯಿಬಿಟ್ಟು ಹೇಳಿದೆ. ಅವನ ಅಂಗೈಯನ್ನು ಪೈಪಿನ ಮೇಲಿಟ್ಟು ನಡುಕ ತೋರಿಸಿದೆ. ‘ಇದ್ನೇನಾ ನಿನ್ ಮಗಳು ಹೊಳೆನರಸೀಪುರದ ಸೇತುವೆ ಮೇಲೆ ನೋಡಿದ್ದು’ ಎಂದು ಕೇಳಿದ. ಇದೇ ಅಂದೆ. ಕೈ ತೆಗೆಯದೆ ಬಹಳ ಹೊತ್ತು ಹಾಗೇ ನಿಂತಿದ್ದ. ಅವನೂ ನನಗೆ ಮೊಬೈಲಿನಲ್ಲಿ ಮೋಟ್ರು ಆನ್ ಮಾಡುವುದು ತೋರಿಸಿದ. ಅರ್ಧ ಮೈಲಿ ದೂರದಿಂದ ಒತ್ತಿದರೆ ಶುರುವಾಗುತ್ತದೆ. ಒಳ್ಳೆಯ ಸಾಮಾನು, ಅದನ್ನು ಒಪ್ಪಲೇಬೇಕು.

ದೊಡ್ಡ ವಾಲ್ವಿನ ಗುಂಡಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾನೆ, ಗಾಯವಾಗಬಾರದು ಎಂದು ನೇತ್ರಾವತಿ ತಡೆದಳು. ಅವನು ಕೇಳಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಸಿ ಮೇಲೆ ಇಬ್ಬರನ್ನು ನಿಲ್ಲಿಸಿದೆ. ನಾನು ಮೊದಲು ಇಳಿದು ಎರಡನೇ ಕಲ್ಲಿನ ಮೇಲೆ ಎರಡೂ ಕಾಲು ಊರಿ ನಿಂತು ತೋರಿಸಿದೆ. ಮೂವತ್ತೆರಡು ವರ್ಷದಲ್ಲಿ ಆ ಕಲ್ಲು ತುಳಿದದ್ದು ಅದೇ ಮೊದಲು. ಆಮೇಲೆ ಅವನು ತುಳಿದು ಇಳಿದ.

ಕೆಳಗೆ ನಾವಿಬ್ಬರೇ. ನಿಮ್ಮ ಆಸ್ಪತ್ರೆಯಲ್ಲಿ ಒಂಬತ್ತು ದಿನ ಅವನ ತಲೆಯ ಮೇಲೆ ಪಾಳಿ ಬದಲಾಯಿತಲ್ಲ, ಕಣ್ಣು ಬಿಡಲಾಗದೆ ಮಲಗಿದ್ದಾಗಲೂ ಒಂದು ಮಾತು ದಿನಾ ಕಿವಿಗೆ ಬೀಳುತ್ತಿತ್ತಂತೆ. ಅದನ್ನೇ ಕೇಳಿದ.

‘ಯೋಳಾದು ಇನ್ನೇನಾರ ಉಳ್ಕಂಡದಾ ಅಣ್ಣ?’

ಒಂದು ಉಳಿದಿತ್ತು. ‘ನಿನ್ನ ಎತ್ತುವಾಗ ಕಲ್ಲು ಅಳ್ಳಾಡ್ತು ಅಂದ್ಯಲ್ಲ, ನಾನು ಔದಾ ಅಂದೆ. ಅದು ಸುಳ್ಳು’ ಎಂದೆ.

ಅವನು ನನ್ನನ್ನು ನೋಡಿದ. ಕಣ್ಣಲ್ಲಿ ನೀರಿತ್ತು, ನನಗೂ ಇತ್ತು. ಅವನು ಮತ್ತೆ ಕೇಳಿದ.

‘ಈಗ?’

‘ಈಗ ಏನೂ ಇಲ್ಲ ಕಣಪ್ಪ.’

ಪಂಚಾಯ್ತಿ ಪುಸ್ತಕಕ್ಕೆ ರುಜು ಹಾಕಿಯಾಯಿತು. ಈ ಕಾಗದಕ್ಕೂ ಇಬ್ಬರೂ ಹಾಕುತ್ತಿದ್ದೇವೆ, ನಿನಗೆ ತೋರಿಸಲೆಂದು. ಇದನ್ನು ಬೇಕಾದರೆ ರಾಮಣ್ಣನ ಹೋಟೆಲ್‌ನಲ್ಲೂ ಓದುತ್ತೇನೆ.

ಒಪ್ಪಿಸಿದವನು: ಶಾಂತರಾಜು
ಒಪ್ಪಿಸಿಕೊಂಡವನು: ರವೀಶ್, ನೀರುಗಂಟಿ